ಸಿಗ್ನಲ್ ಸಾಲದೋ, ದಾರಿ ಸಾಲದೋ? ಸ್ಮಾರ್ಟ್ ಮನೆಯ ನೆಟ್‌ವರ್ಕ್ ಹಿಗ್ಗಿಸುವ ಮುನ್ನ

ನಮ್ಮ ಮನೆಯ ಹಿಂಬಾಗಿಲಿನ ಸೆನ್ಸರ್ ದಿನಾ ರಾತ್ರಿ ಹತ್ತೂವರೆಯ ಹೊತ್ತಿಗೆ ನಾಪತ್ತೆಯಾಗುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ತಾನಾಗಿಯೇ ವಾಪಸ್ ಬಂದಿರುತ್ತಿತ್ತು. ಬ್ಯಾಟರಿ ಬದಲಿಸಿದೆ. ಸೆನ್ಸರನ್ನೇ ಬದಲಿಸಿದೆ. ಕೊನೆಗೆ ದುಡ್ಡು ಕೊಟ್ಟು, ಸಿಗ್ನಲ್ ಹಿಗ್ಗಿಸುವ ವೈಫೈ ಎಕ್ಸ್‌ಟೆಂಡರ್ ತಂದು ಹಜಾರದಲ್ಲಿ ಸಿಕ್ಕಿಸಿದೆ. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಸೆನ್ಸರ್ ಜಿಗ್‌ಬೀಯದು (ಕಮ್ಮಿ ಕರೆಂಟಿನಲ್ಲಿ ಓಡುವ, ಸ್ಮಾರ್ಟ್ ಉಪಕರಣಗಳ ಬೇರೆಯೇ ರೇಡಿಯೊ ನೆಟ್‌ವರ್ಕು), ಎಕ್ಸ್‌ಟೆಂಡರ್ ವೈಫೈಯದು. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದೇ ಇಲ್ಲ.

ಕಳ್ಳ ಸಿಕ್ಕಿದ್ದು ನಾಲ್ಕನೇ ದಿನ. ನಡುಕೋಣೆಯ ಸ್ಮಾರ್ಟ್ ಬಲ್ಬನ್ನು ಮನೆಯವರು ಮಲಗುವ ಮುಂಚೆ ಗೋಡೆಯ ಸ್ವಿಚ್ಚಿನಲ್ಲೇ ಆರಿಸುತ್ತಿದ್ದರು. ಆ ಬಲ್ಬು ಬರೀ ಬೆಳಕು ಕೊಡುತ್ತಿರಲಿಲ್ಲ, ಸೆನ್ಸರ್ ಹೇಳಿದ್ದನ್ನು ಉಪಕರಣಗಳ ಕೇಂದ್ರವಾದ ಹಬ್‌ವರೆಗೆ ದಾಟಿಸುತ್ತಲೂ ಇತ್ತು. ಸ್ವಿಚ್ ಆರಿದರೆ ದಾಟಿಸುವವರೇ ಇಲ್ಲ. ತಂದಿದ್ದ ಎಕ್ಸ್‌ಟೆಂಡರನ್ನು ಬಿಚ್ಚಿ, ಅದೇ ಜಾಗದಲ್ಲಿ ಒಂದು ಜಿಗ್‌ಬೀ ಪ್ಲಗ್ ಹಾಕಿದೆ. ಸಮಸ್ಯೆ ಮುಗಿಯಿತು.

ಹಾಗಾಗಿ ಎಕ್ಸ್‌ಟೆಂಡರ್ ಒಳ್ಳೆಯದೋ ಮೆಶ್ (ಹಲವು ಯೂನಿಟ್ಟುಗಳು ಸೇರಿ ಒಂದೇ ನೆಟ್‌ವರ್ಕಾಗುವ ಬಗೆ) ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು: ಕೆಟ್ಟಿರುವುದು ಯಾವ ನೆಟ್‌ವರ್ಕು, ಎಲ್ಲಿ?

ಅಳೆಯದೆ ಕೊಳ್ಳಬೇಡಿ

ಕೈಯಾರೆ ಕಟ್ಟಿದ ಸ್ಮಾರ್ಟ್ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ನೆಟ್‌ವರ್ಕುಗಳು ಒಂದರ ಪಕ್ಕ ಒಂದು ಬದುಕುತ್ತಿರುತ್ತವೆ. ಕ್ಯಾಮೆರಾ, ಅಗ್ಗದ ಪ್ಲಗ್ಗು, ನಾವೇ ಬೆಸುಗೆ ಹಾಕಿದ ಇಎಸ್‌ಪಿ ಬೋರ್ಡುಗಳು (ಒಳಗೇ ವೈಫೈ ಇರುವ ಪುಟ್ಟ ಚಿಪ್ಪಿನವು) ವೈಫೈ ಮೇಲೆ. ಬಾಗಿಲು, ಚಲನೆ, ತಾಪಮಾನದ ಬ್ಯಾಟರಿ ಸೆನ್ಸರುಗಳು ಹೆಚ್ಚಾಗಿ ಜಿಗ್‌ಬೀ ಮೇಲೆ. ಈಚಿನವು ಕೆಲವು ಥ್ರೆಡ್ ಎಂಬ ಅಂಥದ್ದೇ ಹೊಸ ನೆಟ್‌ವರ್ಕಿನ ಮೇಲೆ. ಪ್ರತಿಯೊಂದಕ್ಕೂ ಮದ್ದು ಬೇರೆ.

ವೈಫೈ ಅಳೆಯುವುದು ಸುಲಭ, ಆದರೆ ಫೋನ್ ಹಿಡಿದು ಅಳೆದರೆ ಮೋಸ ಹೋಗುತ್ತೀರಿ. ಫೋನಿನ ಆಂಟೆನಾ ಎಲ್ಲಿ, ಪ್ಲಗ್ಗಿನೊಳಗೆ ಮುದುಡಿಕೊಂಡಿರುವ ಇಎಸ್‌ಪಿ8266ರ ಆಂಟೆನಾ ಎಲ್ಲಿ! ಈ ಬೋರ್ಡುಗಳಿಗೆ ಪ್ರೋಗ್ರಾಂ ತುಂಬುವ ತಂತ್ರಾಂಶ ಇಎಸ್‌ಪಿಹೋಮ್‌ನಲ್ಲಿ ವೈಫೈ ಸಿಗ್ನಲ್ ತೋರಿಸುವ ಸೆನ್ಸರನ್ನು ಎರಡು ಸಾಲಿನಲ್ಲಿ ಸೇರಿಸಬಹುದು. ಉಪಕರಣವೇ ತನಗೆ ಎಷ್ಟು ಕೇಳಿಸುತ್ತಿದೆ ಎಂದು ಹೇಳಲಿ. ಡಿಬಿಎಂ ಸಿಗ್ನಲ್ಲಿನ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಮೈನಸ್ 60 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 70 ದಾಟಿದರೆ ಕಣ್ಣಿಡಿ. ಮೈನಸ್ 80 ಆದರೆ ಅದು ಇವತ್ತಲ್ಲ ನಾಳೆ ಕೈಕೊಡುತ್ತದೆ. ಈ ಅಳತೆಯಲ್ಲಿ 3 ಡಿಬಿ ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತನೇ ಒಂದು ಪಾಲು. ಮೈನಸ್ 70ಕ್ಕೂ 80ಕ್ಕೂ ಇರುವ ಅಂತರ ಕಾಗದದ ಮೇಲೆ ಕಂಡಷ್ಟು ಸಣ್ಣದಲ್ಲ.

ಒಂದು ವಾರದ ಗ್ರಾಫ್ ನೋಡಿ. ಸದಾ ಕಮ್ಮಿ ಇದ್ದರೆ ಅದು ದೂರದ ಅಥವಾ ಗೋಡೆಯ ಸಮಸ್ಯೆ. ಸಿಗ್ನಲ್ ಚೆನ್ನಾಗಿದ್ದೂ ಆಗಾಗ ಸಂಪರ್ಕ ಕಡಿಯುತ್ತಿದ್ದರೆ ಅಕ್ಕಪಕ್ಕದ ರೇಡಿಯೊಗಳ ಗದ್ದಲದ ಸಮಸ್ಯೆ. ಎರಡನೆಯದಕ್ಕೆ ಇನ್ನೊಂದು ಎಕ್ಸ್‌ಟೆಂಡರ್ ತಂದರೆ ಗದ್ದಲ ಮತ್ತಷ್ಟು ಹೆಚ್ಚುತ್ತದೆ ಅಷ್ಟೆ.

ವೈಫೈ: ಎಕ್ಸ್‌ಟೆಂಡರ್, ಮೆಶ್, ಇಲ್ಲವೇ ಒಂದು ಕೇಬಲ್

ಎಕ್ಸ್‌ಟೆಂಡರ್ ಬಗ್ಗೆ ಎಲ್ಲರೂ ಬೈಯುತ್ತಾರೆ, ನಾನೂ ಬೈದಿದ್ದೇನೆ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ವಿಡಿಯೊ ನೋಡುವವರಿಗೆ ಇದು ತಲೆನೋವು. ಆದರೆ ನಿಮಿಷಕ್ಕೊಮ್ಮೆ ನಾಲ್ಕು ಅಂಕಿ ಕಳಿಸುವ ಸೆನ್ಸರಿಗೆ ಅರ್ಧ ವೇಗ ಸಾಕೋ ಸಾಕು. ಕಾಂಪೌಂಡಿನ ಮೂಲೆಯಲ್ಲಿ ಒಂದೇ ಒಂದು ರಿಲೇ (ದೂರದಿಂದ ನಡೆಸುವ ಸ್ವಿಚ್) ಇದೆ, ಅದಕ್ಕೆ ಮಾತ್ರ ಸಿಗ್ನಲ್ ಬೇಕು ಅಂದರೆ ಎಕ್ಸ್‌ಟೆಂಡರ್ ತಪ್ಪೇನಲ್ಲ. ಅದನ್ನು ಇಡುವ ಜಾಗ ಮಾತ್ರ ಸರಿಯಿರಬೇಕು. ಸಿಗ್ನಲ್ ಸತ್ತ ಕಡೆ ಇಟ್ಟರೆ ಅದು ಸತ್ತ ಸಿಗ್ನಲನ್ನೇ ಹಂಚುತ್ತದೆ. ರೌಟರ್ ಇನ್ನೂ ಚೆನ್ನಾಗಿ ಕೇಳಿಸುವ ನಡುದಾರಿಯಲ್ಲಿಡಿ.

ಅದರ ನಿಜವಾದ ಕಿರುಕುಳ ಬೇರೆಯೇ ಇದೆ. ಕೆಲವು ಎಕ್ಸ್‌ಟೆಂಡರುಗಳು ತಮ್ಮ ಹಿಂದಿರುವ ಉಪಕರಣಗಳ ಮ್ಯಾಕ್ ವಿಳಾಸವನ್ನು (ಪ್ರತಿ ಉಪಕರಣದ ಹುಟ್ಟುಗುರುತು) ಬದಲಿಸಿ ರೌಟರಿಗೆ ತೋರಿಸುತ್ತವೆ. ರೌಟರಿನಲ್ಲಿ ಪ್ರತಿ ಸೆನ್ಸರಿಗೂ ಜೋಪಾನವಾಗಿ ಕಾಯ್ದಿರಿಸಿದ ಐಪಿ ವಿಳಾಸಗಳೆಲ್ಲ (ನೆಟ್‌ವರ್ಕಿನೊಳಗಿನ ಮನೆ ನಂಬರುಗಳು) ಆಗ ಹಾಳು. ನಾನು ಇದನ್ನು ಕಂಡುಕೊಳ್ಳುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹೋಗಿತ್ತು.

ಮೆಶ್ ಸೆಟ್ಟುಗಳು ಇದಕ್ಕಿಂತ ಸಭ್ಯ. ಒಂದೇ ಹೆಸರು, ಒಂದೇ ಪಾಸ್‌ವರ್ಡು, ಮನೆಯಿಡೀ ಹರಡಿಕೊಳ್ಳುತ್ತದೆ. ಮೂರು ಬ್ಯಾಂಡಿನ ಸೆಟ್ಟಾದರೆ ಯೂನಿಟ್ಟುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಒಂದು ರೇಡಿಯೊವನ್ನೇ ಮೀಸಲಿಡಬಹುದು. ಫೋನು ಲ್ಯಾಪ್‌ಟಾಪ್ ಹಿಡಿದು ಓಡಾಡುವವರಿಗೆ ಇದು ಹೇಳಿ ಮಾಡಿಸಿದ್ದು.

ಸ್ಮಾರ್ಟ್ ಉಪಕರಣಗಳಿಗೆ ಮೆಶ್‌ನಿಂದ ಎರಡು ತೊಡಕು. ಮೊದಲನೆಯದು ಒಂದೇ ಹೆಸರು. ಇಎಸ್‌ಪಿ8266, ಮೂಲ ಇಎಸ್‌ಪಿ32 ಎರಡಕ್ಕೂ ವೈಫೈನ 2.4 ಗಿಗಾಹರ್ಟ್ಸ್ ಪಟ್ಟಿ ಮಾತ್ರ ಗೊತ್ತು, 5 ಗೊತ್ತಿಲ್ಲ. ಪ್ಲಗ್ಗನ್ನು ಮೊದಲ ಸಲ ಜೋಡಿಸುವಾಗ ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಕೆಲವು ಆ್ಯಪ್‌ಗಳು ಮುನಿಸಿಕೊಳ್ಳುತ್ತವೆ. 2.4ಕ್ಕೇ ಒಂದು ಪ್ರತ್ಯೇಕ ಹೆಸರು ಕೊಡಲು ಬಿಡುವ ಸೆಟ್ಟನ್ನೇ ಆರಿಸಿ. ಎರಡನೆಯದು ಇನ್ನೂ ಸೂಕ್ಷ್ಮ. ಯಾವ ಯೂನಿಟ್ಟಿಗೆ ಅಂಟಿಕೊಳ್ಳಬೇಕು ಎಂದು ತೀರ್ಮಾನಿಸುವುದು ಮೆಶ್ ಅಲ್ಲ, ಉಪಕರಣ. ಕರೆಂಟು ಹೋಗಿ ಬಂದಾಗ ಮುಖ್ಯ ಯೂನಿಟ್ಟು ಮೊದಲು ಏಳುತ್ತದೆ, ದೂರದವು ಒಂದೆರಡು ನಿಮಿಷ ತಡ. ಅಷ್ಟರಲ್ಲಿ ಮಹಡಿಯ ಪ್ಲಗ್ಗುಗಳೂ ಕಷ್ಟಪಟ್ಟು ಕೆಳಗಿನ ಮುಖ್ಯ ಯೂನಿಟ್ಟನ್ನೇ ಹಿಡಿದುಬಿಡುತ್ತವೆ. ಹಿಡಿದ ಮೇಲೆ ಬಿಡುವ ಜಾಯಮಾನ ಅವಕ್ಕಿಲ್ಲ. ಪಕ್ಕದಲ್ಲೇ ಬಲವಾದ ಯೂನಿಟ್ಟಿದ್ದರೂ ಮೈನಸ್ 82ರಲ್ಲಿ ವಾರಗಟ್ಟಲೆ ಏಗುತ್ತಿರುತ್ತವೆ. ಕರೆಂಟು ಬಂದ ಐದು ನಿಮಿಷಕ್ಕೆ ಅವನ್ನೊಮ್ಮೆ ರೀಸ್ಟಾರ್ಟ್ ಮಾಡಿಸುವ ಆಟೊಮೇಶನ್ ಬರೆದುಕೊಂಡರೆ ಸಾಕು. ಜಾಗ ಬಿಟ್ಟು ಕದಲದ ಉಪಕರಣವಾದರೆ ಇಎಸ್‌ಪಿಹೋಮ್‌ನಲ್ಲಿ ಇಂಥ ಯೂನಿಟ್ಟನ್ನೇ ಹಿಡಿ ಎಂದು ಆ ಯೂನಿಟ್ಟಿನ ಗುರುತಾದ ಬಿಎಸ್‌ಎಸ್‌ಐಡಿ ಬರೆದು ಕಟ್ಟಿಹಾಕಲೂಬಹುದು.

ನನ್ನ ಓಟು ಮೂರನೆಯದಕ್ಕೆ: ಒಂದು ಈಥರ್ನೆಟ್ ಕೇಬಲ್ ಎಳೆದು ಅದರ ತುದಿಗೆ ವೈಫೈ ಹರಡುವ ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟ್ ಕೂರಿಸುವುದು. ವೈರ್‌ಲೆಸ್ ಸುಧಾರಿಸಲು ವೈರ್ ಎಳೆ ಅನ್ನುವುದು ತಮಾಷೆಯಂತೆ ಕೇಳಿಸುತ್ತದೆ, ಆದರೆ ಇದಕ್ಕಿಂತ ನೆಮ್ಮದಿಯ ದಾರಿ ನಾನು ಕಂಡಿಲ್ಲ. ಸಾಧಾರಣ ಕ್ಯಾಟ್ 5ಇ ಕೇಬಲ್ಲೇ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಪಿಒಇ ಇರುವ ಆಕ್ಸೆಸ್ ಪಾಯಿಂಟಾದರೆ ಕರೆಂಟೂ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ, ಚಾವಣಿಯಲ್ಲಿ ಪ್ಲಗ್ ಪಾಯಿಂಟ್ ಹುಡುಕುವ ತಾಪತ್ರಯವಿಲ್ಲ. ಮೆಶ್ ಸೆಟ್ಟು ಈಗಾಗಲೇ ಇದ್ದರೆ ಅದರ ಯೂನಿಟ್ಟುಗಳ ಮಧ್ಯೆಯೇ ಕೇಬಲ್ ಎಳೆಯಿರಿ, ಬಹುತೇಕ ಸೆಟ್ಟುಗಳು ಇದನ್ನು ಒಪ್ಪುತ್ತವೆ.

ಅಟ್ಟದ ಮೇಲೆ ಬಿದ್ದಿರುವ ಹಳೆಯ ರೌಟರ್ ಕೂಡ ಈ ಕೆಲಸಕ್ಕಾಗುತ್ತದೆ. ಮೂರು ವಿಷಯ ನೆನಪಿಟ್ಟರೆ ಸರಿ: ಅದರ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮುಖ್ಯ ರೌಟರಿನ ಸಾಲಿನಲ್ಲೇ ಬೇರೆ ಯಾರಿಗೂ ಕೊಡದ ಐಪಿ ವಿಳಾಸವೊಂದನ್ನು ಅದಕ್ಕೆ ಕೊಡಿ, ಕೇಬಲ್ಲನ್ನು ಅದರ ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗಲ್ಲ, ಮನೆಯ ಉಪಕರಣಗಳಿಗೆಂದಿರುವ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ವ್ಯಾನ್‌ಗೆ ಸಿಕ್ಕಿಸಿದರೆ ಮನೆಯೊಳಗೆ ಇನ್ನೊಂದು ಮನೆ ಕಟ್ಟಿದಂತೆ. ಇಂಟರ್ನೆಟ್ ಬರುತ್ತದೆ, ಆದರೆ ಸ್ಮಾರ್ಟ್ ಮನೆಯನ್ನು ನಡೆಸುವ ತಂತ್ರಾಂಶ ಹೋಮ್ ಅಸಿಸ್ಟೆಂಟ್‌ಗೆ ಆ ಕಡೆಯ ಉಪಕರಣಗಳು ಕಾಣುವುದಿಲ್ಲ.

ಕರೆಂಟಿನ ವೈರಿನಲ್ಲೇ ನೆಟ್‌ವರ್ಕ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್ ಮನೆಯ ವೈರಿಂಗನ್ನು ನಂಬಿಕೊಂಡದ್ದು. ಎರಡು ಪ್ಲಗ್ ಪಾಯಿಂಟುಗಳು ಬೇರೆಬೇರೆ ಫೇಸ್ ಮೇಲಿದ್ದರೆ ಅಥವಾ ಮಧ್ಯೆ ಸರ್ಜ್ ಪ್ರೊಟೆಕ್ಟರ್ ಇದ್ದರೆ ಸೋಲುವುದೇ ಹೆಚ್ಚು. ವಾಪಸ್ ಕೊಡಲು ಅವಕಾಶವಿದ್ದರೆ ಮಾತ್ರ ಕೊಂಡು ನೋಡಿ.

ಇನ್ನೊಂದು ಮಾತು. ಏನನ್ನೂ ಕೊಳ್ಳದೆ ಆಗುವ ಸುಧಾರಣೆಯೂ ಇದೆ. ರೌಟರನ್ನು ಟಿವಿಯ ಹಿಂದಿನಿಂದ, ಕಬ್ಬಿಣದ ಬೀರುವಿನ ಪಕ್ಕದಿಂದ ಎತ್ತಿ ಮನೆಯ ಮಧ್ಯಕ್ಕೆ, ಎದೆಯೆತ್ತರಕ್ಕೆ ತನ್ನಿ. ಕನ್ನಡಿಯ ಹಿಂದಿನ ಲೋಹದ ಲೇಪ, ಮೀನಿನ ತೊಟ್ಟಿಯ ನೀರು, ಕಬ್ಬಿಣ ಹೆಣೆದ ಕಾಂಕ್ರೀಟು, ಎಲ್ಲವೂ 2.4 ಗಿಗಾಹರ್ಟ್ಸ್ ಅಲೆಗಳನ್ನು ನುಂಗುತ್ತವೆ ಅಥವಾ ತಿರುಗಿಸಿ ಕಳಿಸುತ್ತವೆ. ಹಳೆಯ ಉಪಕರಣಗಳು ಸೇರಿಕೊಳ್ಳಲು ಹಟ ಮಾಡಿದರೆ ವೈಫೈ ಭದ್ರತೆಯಲ್ಲಿ ಹೊಸ ಡಬ್ಲ್ಯುಪಿಎ3 ಬಿಟ್ಟು ಆ ವೈಫೈ ಹೆಸರಿಗೆ ಹಳೆಯ ಡಬ್ಲ್ಯುಪಿಎ2 ಇಡಿ. ಮತ್ತು ರೌಟರಿನ ಶಕ್ತಿಯನ್ನು ಗರಿಷ್ಠಕ್ಕೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ರೌಟರ್ ಕೂಗಿದ್ದು ಸೆನ್ಸರಿಗೆ ಕೇಳಿಸೀತು, ಸೆನ್ಸರ್ ಪಿಸುಗುಟ್ಟಿದ್ದು ರೌಟರಿಗೆ ಕೇಳಿಸಬೇಡವೇ?

ಜಿಗ್‌ಬೀ: ಬಲ ಹೆಚ್ಚಿಸುವುದಲ್ಲ, ಊರು ಕಟ್ಟುವುದು

ಜಿಗ್‌ಬೀಯಲ್ಲಿ ಒಂದು ಕೇಂದ್ರ ಇರುತ್ತದೆ, ಅದು ಕೋಆರ್ಡಿನೇಟರ್. ನಮ್ಮಂಥವರ ಮನೆಯಲ್ಲಿ ಅದು ಹೆಬ್ಬೆರಳ ಗಾತ್ರದ ಯುಎಸ್‌ಬಿ ಡಾಂಗಲ್. ಸದಾ ಕರೆಂಟಿನ ಮೇಲಿರುವ ಪ್ಲಗ್ಗು, ಬಲ್ಬು, ರಿಲೇಗಳು ರೌಟರ್‌ಗಳಾಗಿ (ವೈಫೈ ರೌಟರ್ ಅಲ್ಲ, ಜಿಗ್‌ಬೀಯ ದಾಟಿಸುವವರು) ಪಕ್ಕದವರ ಮಾತನ್ನು ಮುಂದೆ ದಾಟಿಸುತ್ತವೆ. ಬ್ಯಾಟರಿ ಸೆನ್ಸರುಗಳು ದಾಟಿಸುವುದಿಲ್ಲ, ಬರೀ ತಮ್ಮದನ್ನು ಹೇಳಿ ಮಲಗುತ್ತವೆ. ಹೀಗಾಗಿ ಇಲ್ಲಿ ಹಿಗ್ಗಿಸುವುದು ಅಂದರೆ ಎಕ್ಸ್‌ಟೆಂಡರ್ ಎಂಬ ಪೆಟ್ಟಿಗೆ ತರುವುದಲ್ಲ, ಸರಿಯಾದ ಜಾಗಗಳಲ್ಲಿ ದಾಟಿಸುವವರನ್ನು ನೆಲೆಗೊಳಿಸುವುದು.

ಯಾರನ್ನು? ನನ್ನ ಮೊದಲ ಆಯ್ಕೆ ಜಿಗ್‌ಬೀ ಸ್ಮಾರ್ಟ್ ಪ್ಲಗ್. ಯಾರೂ ಅದನ್ನು ಗೋಡೆಯಿಂದ ಆರಿಸುವುದಿಲ್ಲ, ಫ್ರಿಜ್ಜಿನ ಹಿಂದೆ ಸಿಕ್ಕಿಸಿ ಮರೆತುಬಿಡಬಹುದು. ಬರೀ ದಾಟಿಸುವುದಕ್ಕೆಂದೇ ಇರುವ ಯುಎಸ್‌ಬಿ ರಿಪೀಟರುಗಳೂ ಇವೆ, ಫೋನ್ ಚಾರ್ಜರಿಗೆ ಸಿಕ್ಕಿಸಿದರೆ ಆಯಿತು. ಬಲ್ಬುಗಳನ್ನು ನಾನು ಕೊನೆಗಿಡುತ್ತೇನೆ, ಕಾರಣ ಮೇಲೆ ಹೇಳಿದ್ದೇ. ಸ್ವಿಚ್ ಬೋರ್ಡಿನ ಹಿಂದೆ ಕೂರಿಸುವ ರಿಲೇ ಕೊಳ್ಳುವಾಗ ಒಂದು ಎಚ್ಚರ: ನ್ಯೂಟ್ರಲ್ ವೈರ್ ಬೇಡದ ಮಾದರಿಗಳಲ್ಲಿ ಹಲವು ದಾಟಿಸುವ ಕೆಲಸ ಮಾಡುವುದಿಲ್ಲ. ಕರೆಂಟಿನ ಮೇಲಿದೆಯಲ್ಲ ಎಂದು ನಂಬಿ ನಾಲ್ಕು ತಂದು ಹಾಕಿದರೆ ಊರು ಹಾಗೇ ಖಾಲಿ ಉಳಿಯುತ್ತದೆ. ನ್ಯೂಟ್ರಲ್ ಇದ್ದರೆ ಅದನ್ನು ಬಳಸುವ ಮಾದರಿಯನ್ನೇ ತೆಗೆದುಕೊಳ್ಳಿ. ಈ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ ಎಂದು ಬೇರೆ ಹೇಳಬೇಕಿಲ್ಲ ತಾನೆ.

ಹೊಸ ಜಿಗ್‌ಬೀ ರೌಟರ್ ಸೇರಿಸಿದ ಮೇಲೂ ಸೆನ್ಸರ್ ಹಳೆಯ ದಾರಿಗೇ ಜೋತುಬಿದ್ದಿರಬಹುದು. ಅಕಾರಾ ಕಂಪನಿಯ ಹಳೆಯ ಸೆನ್ಸರುಗಳು ಇದರಲ್ಲಿ ಹೆಸರುವಾಸಿ, ಒಮ್ಮೆ ಹಿಡಿದವರ ಕೈ ಸುಲಭಕ್ಕೆ ಬಿಡವು. ಅವನ್ನು ಇರುವ ಜಾಗದಲ್ಲೇ, ಹತ್ತಿರದ ರೌಟರಿನ ಮೂಲಕ ಮತ್ತೆ ಜೋಡಿಸಿ. ಡಾಂಗಲ್ ಮೂಲಕ ಜಿಗ್‌ಬೀ ನಡೆಸುವ ತಂತ್ರಾಂಶ ಜಿಗ್‌ಬೀ2ಎಂಕ್ಯೂಟಿಟಿಯಲ್ಲಿ ಇಂಥ ಉಪಕರಣದ ಮೂಲಕ ಮಾತ್ರ ಸೇರಿಸು ಎಂದು ಆರಿಸುವ ಅವಕಾಶವಿದೆ. ಟೇಬಲ್ ಮೇಲೆ ಜೋಡಿಸಿ ಆಮೇಲೆ ಮಹಡಿಗೆ ಒಯ್ಯುವ ಅಭ್ಯಾಸ ಬಿಡಿ.

ಈಗ ಡಾಂಗಲ್. ನನ್ನದು ಮೊದಲು ಪುಟ್ಟ ಕಂಪ್ಯೂಟರಿನ ಹಿಂಭಾಗಕ್ಕೆ ನೇರ ಸಿಕ್ಕಿಸಿತ್ತು, ಪಕ್ಕದ ಪೋರ್ಟಿನಲ್ಲೇ ಯುಎಸ್‌ಬಿ 3ರ ಎಸ್‌ಎಸ್‌ಡಿ. ಎರಡು ಕೋಣೆ ಆಚೆಯ ಸೆನ್ಸರ್ ದಿನಕ್ಕೆ ಹತ್ತು ಸಲ ಕಾಣೆ. ಒಂದು ಮೀಟರಿನ ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ಪುಸ್ತಕದ ಕಪಾಟಿನ ಮೇಲಕ್ಕೆ ಎತ್ತಿಟ್ಟೆ. ಅದೇ ಸೆನ್ಸರ್ ಆಮೇಲೆ ತಿಂಗಳಾದರೂ ತಪ್ಪಿಸಿಕೊಳ್ಳಲಿಲ್ಲ. ಇದು ಮಾಟವಲ್ಲ. ಯುಎಸ್‌ಬಿ 3 ಓಡುವಾಗ ಹೊರಡುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆಯೇ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ಒಂದು ತಾಂತ್ರಿಕ ಬರಹದಲ್ಲಿ ವಿವರಿಸಿತ್ತು. ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವಿರಾದರೆ ಆ ಕೇಬಲ್ ಹಾಕಿ.

ಡಾಂಗಲ್‌ಗಳಲ್ಲಿ ಯಾವುದು? ಮೊದಮೊದಲು ಎಲ್ಲರೂ ಸಿಸಿ2531 ಚಿಪ್ಪಿನದರಿಂದ ಶುರುಮಾಡಿದವರೇ. ಅದರ ನೆನಪಿನ ಶಕ್ತಿ ಕಮ್ಮಿ, ನೇರವಾಗಿ ಇಪ್ಪತ್ತರ ಆಸುಪಾಸು ಉಪಕರಣ ಹಿಡಿಯುವಷ್ಟರಲ್ಲಿ ಏದುಸಿರು. ಈಗಲೂ ಅದನ್ನೇ ಬಳಸುತ್ತಿದ್ದರೆ ಮೊದಲು ಅದನ್ನು ಬದಲಿಸಿ. ಸಿಸಿ2652ಪಿ ಅಥವಾ ಇಎಫ್ಆರ್32ಎಂಜಿ21 ಚಿಪ್ಪಿನದು ಸಾಧಾರಣ ಮನೆಗೆ ಧಾರಾಳ. ಎರಡರ ನಡುವೆ ತಲೆಕೆಡಿಸಿಕೊಳ್ಳುವಷ್ಟು ವ್ಯತ್ಯಾಸ ನನಗೆ ಕಂಡಿಲ್ಲ. ಹೋಮ್ ಅಸಿಸ್ಟೆಂಟ್ ಓಡುವ ಸರ್ವರ್ ಮನೆಯ ಒಂದು ಮೂಲೆಯಲ್ಲಿದ್ದರೆ ಯುಎಸ್‌ಬಿಗಿಂತ ಈಥರ್ನೆಟ್ ಕೋಆರ್ಡಿನೇಟರ್ ಮೇಲು, ಕೇಬಲ್ ಹೋದಲ್ಲೆಲ್ಲ ಮನೆಯ ನಟ್ಟನಡುವೆ ಕೂರಿಸಬಹುದು. ಅದನ್ನು ವೈಫೈ ಮೂಲಕ ಸರ್ವರಿಗೆ ಜೋಡಿಸುವ ಸೌಲಭ್ಯವೂ ಕೆಲವದರಲ್ಲಿದೆ, ಬಳಸಬೇಡಿ. ವೈಫೈ ಎಡವಿದಾಗ ಜಿಗ್‌ಬೀಯೂ ಜೊತೆಗೆ ಬೀಳುತ್ತದೆ.

ಚಾನೆಲ್ ವಿಷಯ ಸ್ವಲ್ಪ ಗಣಿತ ಬೇಡುತ್ತದೆ, ಸಹಿಸಿಕೊಳ್ಳಿ. ವೈಫೈ ಮತ್ತು ಜಿಗ್‌ಬೀ ಇಬ್ಬರೂ 2.4ರ ಒಂದೇ ಬೀದಿಯಲ್ಲಿರುವವರು. ವೈಫೈನ 1, 6, 11ನೇ ಚಾನೆಲ್‌ಗಳ ಕೇಂದ್ರ 2412, 2437, 2462 ಮೆಗಾಹರ್ಟ್ಸ್, ಒಂದೊಂದೂ 20 ಮೆಗಾಹರ್ಟ್ಸ್ ಅಗಲ. ಜಿಗ್‌ಬೀಗೆ 11ರಿಂದ 26ರವರೆಗೆ ಹದಿನಾರು ಚಾನೆಲ್, ಒಂದೊಂದು ಬರೀ 2 ಮೆಗಾಹರ್ಟ್ಸ್. ಲೆಕ್ಕ ಹಾಕಿದರೆ ವೈಫೈ 1 ಮತ್ತು 6ರ ಸಂದಿಯಲ್ಲಿ ಜಿಗ್‌ಬೀ 15 ಕೂರುತ್ತದೆ, 6 ಮತ್ತು 11ರ ಸಂದಿಯಲ್ಲಿ 20, 11ರ ಆಚೆಗೆ 25. ಇಪ್ಪತ್ತಾರು ಇನ್ನೂ ಖಾಲಿ, ಆದರೆ ಕೆಲವು ಉಪಕರಣಗಳು ಅಲ್ಲಿಗೆ ಬರುವುದೇ ಇಲ್ಲ. ನನ್ನ ಮನೆಯಲ್ಲಿ ವೈಫೈ 1ರಲ್ಲಿ, ಜಿಗ್‌ಬೀ 25ರಲ್ಲಿ. ಬೀದಿಯ ಎರಡು ತುದಿ.

ಇದು ನಿಲ್ಲಬೇಕಾದರೆ ವೈಫೈ ಚಾನೆಲ್ಲನ್ನು ಆಟೊದಿಂದ ತೆಗೆದು ಕೈಯಾರೆ ಇಡಬೇಕು, ಇಲ್ಲದಿದ್ದರೆ ಯಾವುದೋ ರಾತ್ರಿ ವೈಫೈ ರೌಟರ್ ತನ್ನಿಷ್ಟಕ್ಕೆ ಜಿಗ್‌ಬೀಯ ಮೇಲೇ ಬಂದು ಕೂರುತ್ತದೆ. 2.4ರ ಅಗಲ 20ರಲ್ಲೇ ಇರಲಿ. 40 ಮಾಡಿದರೆ ಸಂದಿಗಳೇ ಉಳಿಯುವುದಿಲ್ಲ. ಜಿಗ್‌ಬೀ ಚಾನೆಲ್ಲನ್ನು ಆಮೇಲೆ ಬದಲಿಸುವುದು ಕಷ್ಟದ ಕೆಲಸ. ಎಲ್ಲ ಉಪಕರಣಗಳೂ ಹಿಂದೆಯೇ ಬರುವುದಿಲ್ಲ, ಕೆಲವನ್ನು ಮತ್ತೆ ಜೋಡಿಸಬೇಕಾಗುತ್ತದೆ. ಹಾಗಾಗಿ ಮೊದಲ ದಿನವೇ ಆರಿಸಿ. ಆಗದಿದ್ದರೆ ವೈಫೈಯನ್ನೇ ಸರಿಸಿ, ಅದು ಒಂದು ನಿಮಿಷದ ಕೆಲಸ.

ಒಂದು ತಪ್ಪು ಲೆಕ್ಕವನ್ನು ಬಹಳ ಜನ ಮಾಡುತ್ತಾರೆ. ಮನೆಯಲ್ಲಿ ಫಿಲಿಪ್ಸ್ ಹ್ಯೂ ಬ್ರಿಜ್ (ಹ್ಯೂ ಬಲ್ಬುಗಳ ಜಿಗ್‌ಬೀ ಹಬ್) ಇದೆ, ಅದಕ್ಕೆ ಹನ್ನೆರಡು ಬಲ್ಬುಗಳಿವೆ, ಹಾಗಾಗಿ ನನ್ನ ಡಾಂಗಲ್ಲಿಗೂ ಹನ್ನೆರಡು ರೌಟರ್ ಸಿಕ್ಕಂತಾಯಿತು ಎಂದು. ಸಿಗುವುದಿಲ್ಲ. ಅದೊಂದು ಊರು, ಇದೊಂದು ಊರು. ಬಲ್ಬುಗಳನ್ನು ಬ್ರಿಜ್‌ನಿಂದ ಬಿಡಿಸಿ ನಿಮ್ಮ ಡಾಂಗಲ್ಲಿಗೆ ಸೇರಿಸಿದರೆ ಮಾತ್ರ ಅವು ನಿಮ್ಮವರ ಮಾತು ದಾಟಿಸುತ್ತವೆ.

ಥ್ರೆಡ್, ಝಡ್-ವೇವ್

ಥ್ರೆಡ್ ಕೂಡ ಜಿಗ್‌ಬೀಯ ರೇಡಿಯೊವನ್ನೇ ಬಳಸುತ್ತದೆ. ಮೇಲೆ ಹೇಳಿದ ಚಾನೆಲ್ ಲೆಕ್ಕ, ದಾಟಿಸುವವರ ಲೆಕ್ಕ ಎರಡೂ ಅದಕ್ಕೂ ಅನ್ವಯ. ಲಾಭವೆಂದರೆ ಒಂದಕ್ಕಿಂತ ಹೆಚ್ಚು ಬಾರ್ಡರ್ ರೌಟರ್ (ಥ್ರೆಡ್ಡನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ) ಇರಬಹುದು. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ, ಜಿಗ್‌ಬೀಯಂತೆ ಒಂದೇ ಡಾಂಗಲ್ಲಿಗೆ ಜೀವ ಒಪ್ಪಿಸಬೇಕಿಲ್ಲ. ತೊಡಕೆಂದರೆ ಬೇರೆಬೇರೆ ಕಂಪನಿಯ ಬಾರ್ಡರ್ ರೌಟರುಗಳು ತಮ್ಮದೇ ಪ್ರತ್ಯೇಕ ಥ್ರೆಡ್ ನೆಟ್‌ವರ್ಕ್ ಕಟ್ಟಿಕೊಂಡು ಕೂರುವುದು. 2024ರ ಥ್ರೆಡ್ 1.4 ಈ ಗಂಟನ್ನು ಬಿಚ್ಚಲೆಂದೇ ಬಂದದ್ದು, ಆದರೆ ನಿಮ್ಮ ಪೆಟ್ಟಿಗೆಗೆ ಆ ಅಪ್‌ಡೇಟ್ ಬಂದಿದೆಯೇ ನೋಡಿಕೊಳ್ಳಿ. ಬೇರೆಬೇರೆ ಕಂಪನಿಯ ಉಪಕರಣಗಳು ಹೊಂದಿಕೊಳ್ಳಲೆಂದಿರುವ ಮ್ಯಾಟರ್ ಎಂಬ ಚೀಟಿ ಅಂಟಿಸಿದ್ದೆಲ್ಲ ಥ್ರೆಡ್ ಅಲ್ಲ, ವೈಫೈ ಮೇಲೆ ಓಡುವ ಮ್ಯಾಟರ್ ಉಪಕರಣಗಳೂ ಇವೆ. ಚೆನ್ನಾಗಿ ಓಡುತ್ತಿರುವ ಜಿಗ್‌ಬೀಯನ್ನು ಕಿತ್ತು ಥ್ರೆಡ್‌ಗೆ ಹೋಗಲು ನನಗೆ ಕಾರಣ ಕಾಣುತ್ತಿಲ್ಲ.

ಸ್ಮಾರ್ಟ್ ಉಪಕರಣಗಳ ಇನ್ನೊಂದು ನೆಟ್‌ವರ್ಕಾದ ಝಡ್-ವೇವ್ 2.4ರ ಬೀದಿಗೇ ಬರುವುದಿಲ್ಲ. ಯುರೋಪಿನಲ್ಲಿ 868, ಅಮೆರಿಕದಲ್ಲಿ 908 ಮೆಗಾಹರ್ಟ್ಸ್ ಸುತ್ತಮುತ್ತ. ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ, ವೈಫೈ ಗದ್ದಲ ತಟ್ಟುವುದಿಲ್ಲ. ಆದರೆ ಒಂದು ತರಂಗಾಂತರದ ಉಪಕರಣ ಇನ್ನೊಂದು ತರಂಗಾಂತರದ ಹಬ್ಬಿಗೆ ಸೇರದು, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ನಿಮ್ಮಲ್ಲಿ ಸುಲಭವಾಗಿ ಸಿಗುವಂತಿದ್ದು, ಗೋಡೆಗಳು ದಪ್ಪಗಿದ್ದು, ಬೀಗದಂಥ ಮುಖ್ಯ ಉಪಕರಣಗಳು ನಾಲ್ಕೈದೇ ಇದ್ದರೆ ಯೋಚಿಸಬಹುದು.

ಮನೆಯಿಂದಾಚೆಗೆ

ಮಹಡಿಯ ಮೇಲಿನ ನೀರಿನ ಟ್ಯಾಂಕು, ದೂರದ ಗೇಟು, ತೋಟದ ಮಣ್ಣಿನ ಸೆನ್ಸರ್. ಇಲ್ಲಿ ಮೆಶ್ ಎಳೆದು ಎಳೆದು ತಲುಪಿಸುವುದು ವ್ಯರ್ಥ ಶ್ರಮ. ಎರಡು ಇಎಸ್‌ಪಿ32 ಬೋರ್ಡುಗಳು ರೌಟರಿನ ಹಂಗಿಲ್ಲದೆ ನೇರ ಮಾತಾಡಿಕೊಳ್ಳುವ ಇಎಸ್‌ಪಿ-ನೌ ಎಂಬ ವಿಧಾನವಿದೆ. ವೈಫೈಗೆ ಸೇರಿಕೊಳ್ಳುವ ಸಂಪ್ರದಾಯಗಳೆಲ್ಲ ಇಲ್ಲದ್ದರಿಂದ ಬ್ಯಾಟರಿ ಸೆನ್ಸರ್ ಎದ್ದು, ಹೇಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಲಗಬಹುದು. ವೈಫೈಯಲ್ಲಾದರೆ ಪ್ರತಿ ಸಲ ಕೆಲವು ಸೆಕೆಂಡು ಎದ್ದಿರಬೇಕು, ಬ್ಯಾಟರಿ ಖರ್ಚಾಗುವುದೇ ಅಲ್ಲಿ. ಕೇಳಿಸಿಕೊಳ್ಳುವ ಬೋರ್ಡು ವೈಫೈಯಲ್ಲೂ ಇದ್ದರೆ ಎರಡೂ ಬೋರ್ಡು ಅದೇ ಚಾನೆಲ್ಲಿನಲ್ಲಿರಬೇಕು. ವೈಫೈ ಚಾನೆಲ್ಲನ್ನು ಆಟೊದಲ್ಲಿ ಬಿಡಬಾರದೆನ್ನಲು ಇದು ಇನ್ನೊಂದು ಕಾರಣ.

ಅದಕ್ಕೂ ದೂರವಾದರೆ ಲೋರಾ ಎಂಬ ದೂರಗಾಮಿ ರೇಡಿಯೊ. ಅಡ್ಡ ಏನೂ ಇಲ್ಲದಿದ್ದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ, ಒಯ್ಯುವ ಮಾತು ಮಾತ್ರ ತೀರಾ ಕಮ್ಮಿ. ಟ್ಯಾಂಕು ಮುಕ್ಕಾಲು ತುಂಬಿದೆ ಎನ್ನಲು ಸಾಕು, ಕ್ಯಾಮೆರಾಕ್ಕೆ ಕನಸಿನಲ್ಲೂ ಆಗದು. ಪರವಾನಗಿ ಬೇಡದ ತರಂಗಾಂತರ ದೇಶದಿಂದ ದೇಶಕ್ಕೆ ಬೇರೆ, ಬೋರ್ಡು ಕೊಳ್ಳುವ ಮುಂಚೆ ನಿಮ್ಮಲ್ಲಿ ಯಾವುದು ಎಂದು ನೋಡಿಕೊಳ್ಳಿ. ಮತ್ತೆ, ಬೋರ್ಡು ಕೈಗೆ ಬಂದ ಖುಷಿಯಲ್ಲಿ ಆಂಟೆನಾ ಸಿಕ್ಕಿಸದೆ ಕರೆಂಟು ಕೊಡಬೇಡಿ. ಹೊರಹೋಗಲು ದಾರಿಯಿಲ್ಲದ ಶಕ್ತಿ ತಿರುಗಿ ಚಿಪ್ಪನ್ನೇ ಸುಡಬಹುದು. ನನ್ನ ಡ್ರಾಯರಿನಲ್ಲಿ ಹಾಗೆ ತೀರಿಕೊಂಡದ್ದು ಒಂದಿದೆ.